ಪ್ರಾಚೀನ ಶಾರೀರಾಭ್ಯಾಸ ಮತ್ತು ಜೈನ ಹಸ್ತಪ್ರತಿಗಳಲ್ಲಿ ಅಂಗಸಂಖ್ಯೆ

ಶಿವಾರ್ಯರ ಭಗವತೀ ಆರಾಧನೆಯಂಥ ಗ್ರಂಥವನ್ನು ಓಲೆಯಿಂದ ಓದಿ ಪಾಠನಿರ್ಣಯಕ್ಕೆ ಕುಳಿತವರಿಗೆ ದೇಹದ ಅಶುಚಿತ್ವವನ್ನು ಹೇಳುವ ಪ್ರಕರಣ ಬಂದೊಡನೆ ಒಂದು ತೊಡಕು ಎದುರಾಗುತ್ತದೆ. ಅಲ್ಲಿಯವರೆಗೆ ವ್ಯಾಕರಣ, ಛಂದಸ್ಸು, ಸಿದ್ಧಾಂತಗಳ ಬಲದಿಂದ ಸಾಗಿ ಬಂದ ಸಂಪಾದಕನು ಇದ್ದಕ್ಕಿದ್ದಂತೆ ಮೂಳೆ, ಕೀಲು, ಸಿರೆ, ಸ್ನಾಯು, ಪಿತ್ತ, ರಕ್ತಗಳ ಲೆಕ್ಕದ ನಡುವೆ ನಿಲ್ಲುತ್ತಾನೆ. ಮೂಳೆಗಳು ೩೦೦ ಎಂದು ಗಾಥೆ ಹೇಳುತ್ತದೆ; ಶಾಲೆಯ ಪಠ್ಯಪುಸ್ತಕ ೨೦೬ ಎಂದು ಹೇಳುತ್ತದೆ; ಚರಕನನ್ನು ತೆರೆದರೆ ೩೬೦ ಎಂದಿರುತ್ತದೆ. ಕೀಲುಗಳ ವಿಷಯಕ್ಕೆ ಬಂದರಂತೂ ಯಾವ ಎರಡು ಗ್ರಂಥಗಳೂ ಒಂದನ್ನೊಂದು ಹೋಲುವುದಿಲ್ಲ. ಇಂಥಲ್ಲಿ ತಿದ್ದಬೇಕೆಂಬ ಆಸೆ ಸಹಜ. ಆದರೆ ತಿದ್ದುವ ಮೊದಲು ಆ ಸಂಖ್ಯೆ ಯಾವ ಅಭ್ಯಾಸದಿಂದ ಹುಟ್ಟಿತು, ಅದನ್ನು ಕಲಿತ ವಿದ್ಯಾರ್ಥಿ ಯಾರು, ಅವನು ಅದನ್ನು ಕಣ್ಣಿನಿಂದ ಕಲಿತನೋ ಕಂಠದಿಂದ ಕಲಿತನೋ ಎಂಬುದನ್ನು ವಿಚಾರಿಸುವುದು ಆವಶ್ಯಕ. ಶಲ್ಯವೈದ್ಯನ ಶಿಷ್ಯ, ಕಾಯಚಿಕಿತ್ಸಕನ ಶಿಷ್ಯ, ಮುನಿಸಂಘದಲ್ಲಿ ಅನುಪ್ರೇಕ್ಷೆಯನ್ನು ಅಭ್ಯಾಸ ಮಾಡುವ ಸಾಧಕ, ಈ ಮೂವರೂ ದೇಹವನ್ನು ಕಲಿತವರೇ. ಕಲಿತ ಬಗೆ ಮಾತ್ರ ಬೇರೆ ಬೇರೆ.

ಶಲ್ಯತಂತ್ರದ ವಿದ್ಯಾರ್ಥಿಯ ಪಾಠಕ್ರಮ ಸುಶ್ರುತಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ರೋಗಿಯ ಮೈಮೇಲೆ ಕೈಯಿಡುವ ಮೊದಲು ಮಾಡಬೇಕಾದ ಕೈಪಳಗುವಿಕೆಯನ್ನು ವಿಧಿಸುತ್ತದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಅಥವಾ ಕೆಸರು ತುಂಬಿದ ಚರ್ಮದ ಚೀಲದ ಮೇಲೆ, ಕೆರೆಯುವುದನ್ನು ಕೂದಲಿರುವ ಹರಡಿದ ತೊಗಲಿನ ಮೇಲೆ, ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುವಿನ ಸಿರೆಯ ಮೇಲೆ ಮತ್ತು ತಾವರೆಯ ದಂಟಿನ ಮೇಲೆ ಅಭ್ಯಾಸ ಮಾಡಬೇಕು. ಹುಳು ತಿಂದ ಮರದಲ್ಲಿ ಶಲಾಕೆಯನ್ನಾಡಿಸಿ ಹುಣ್ಣಿನ ಆಳವನ್ನು ಅರಿಯುವುದು, ದಪ್ಪ ಬಟ್ಟೆಯಲ್ಲಿ ಹೊಲಿಗೆ, ಆಳುದ್ದದ ಬೊಂಬೆಯ ಮೇಲೆ ಕಟ್ಟು ಕಟ್ಟುವುದು, ಇವೆಲ್ಲ ಅಲ್ಲಿ ಉಕ್ತವಾಗಿವೆ. ಶಾಸ್ತ್ರವನ್ನು ಮಾತ್ರ ಬಲ್ಲವನೂ ಕರ್ಮವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಯಂತೆ ಎಂಬುದು ಆ ಸಂಪ್ರದಾಯದ ನಿಲವು. ಈ ಪಟ್ಟಿಯಲ್ಲಿ ತರಕಾರಿಗೆ ಮೊದಲ ಸ್ಥಾನ ದೊರೆತಿರುವುದು ಅಹಿಂಸಾಬುದ್ಧಿಯಿಂದ ಎಂದು ಭಾವಿಸಬೇಕಾಗಿಲ್ಲ. ಕುಂಬಳಕಾಯಿಯ ಸಿಪ್ಪೆಯೂ ತಿರುಳೂ ಕೈಗೆ ಕೊಡುವ ಅನುಭವ ಚರ್ಮ ಮತ್ತು ಮಾಂಸಗಳಿಗೆ ಸಮೀಪವೆಂಬುದೇ ಅದಕ್ಕೆ ಕಾರಣವಾಗಿರಬೇಕು.

ಶಾರೀರಸ್ಥಾನದ ಐದನೆಯ ಅಧ್ಯಾಯದ ಕೊನೆಯಲ್ಲಿ ಶವಶೋಧನದ ವಿಧಿ ಬರುತ್ತದೆ. ದೇಹವು ಸರ್ವಾಂಗಸಂಪೂರ್ಣವಾಗಿರಬೇಕು, ವಿಷದಿಂದ ಸತ್ತವನದಾಗಲಿ, ದೀರ್ಘವ್ಯಾಧಿಯಿಂದ ನವೆದವನದಾಗಲಿ, ನೂರು ವರ್ಷ ತುಂಬಿದವನದಾಗಲಿ ಆಗಿರಬಾರದು. ಕರುಳಿನ ಮಲವನ್ನು ತೆಗೆದು, ಮುಂಜ, ಮರದ ನಾರು, ಕುಶ, ಸಣಬು ಇವುಗಳಲ್ಲೊಂದರಿಂದ ಮೈಯೆಲ್ಲ ಸುತ್ತಿ, ಪಂಜರದೊಳಗಿಟ್ಟು, ಸೆಳೆತವಿಲ್ಲದ ಹೊಳೆಯಲ್ಲಿ ಮರೆಯಾದ ಸ್ಥಳದಲ್ಲಿ ಕೊಳೆಯಲು ಬಿಡಬೇಕು. ಚೆನ್ನಾಗಿ ಕೊಳೆತ ಮೇಲೆ ಹೊರತೆಗೆದು, ಏಳು ರಾತ್ರಿಗಳ ಅವಧಿಯಲ್ಲಿ ಲಾವಂಚ, ಕೂದಲು, ಬಿದಿರು, ಬಲ್ವಜ ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ತೊಗಲಿನಿಂದ ಮೊದಲ್ಗೊಂಡು ಹೊರಗಿನ ಮತ್ತು ಒಳಗಿನ ಅಂಗಾಂಗಗಳನ್ನು ಕಣ್ಣಾರೆ ನೋಡಬೇಕು. ಇಲ್ಲಿ ಕತ್ತಿಯ ಮಾತೇ ಇಲ್ಲ ಎಂಬುದು ಗಮನಾರ್ಹ. ಪದರ ಪದರವಾಗಿ ತಾನೇ ಬಿಡಿಸಿಕೊಳ್ಳುವ ದೇಹವನ್ನು ವಿದ್ಯಾರ್ಥಿ ಕುಂಚದಿಂದ ಓದುತ್ತಾನೆ. ಈ ಕ್ರಮದ ಗುಣವೂ ದೋಷವೂ ಸಂಹಿತೆಯಲ್ಲಿ ಪ್ರತಿಬಿಂಬಿಸಿವೆ. ಕೊಳೆತರೂ ಉಳಿಯುವ ಮೂಳೆ, ಕೀಲು, ಬಂಧನಗಳ ವರ್ಣನೆ ವಿಶದವಾಗಿದೆ; ಮೊದಲು ಕರಗಿಹೋಗುವ ಮಿದುಳು ಮತ್ತು ಒಳಗಿನ ಮೃದುವಾದ ಅಂಗಗಳ ವರ್ಣನೆ ಸಂಕ್ಷಿಪ್ತವಾಗಿಯೇ ಉಳಿದಿದೆ.

ಈ ವಿಧಿ ನಂತರದ ಶತಮಾನಗಳಲ್ಲಿ ಆಚರಣೆಯಿಂದ ದೂರವಾಗಿ ಗ್ರಂಥದಲ್ಲಿ ಮಾತ್ರ ಉಳಿಯಿತು. ೧೮೩೬ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಶವಚ್ಛೇದನ ನಡೆಸಿದ ಮಧುಸೂದನ ಗುಪ್ತರು ವೈದ್ಯಕುಲದ ಸಂಸ್ಕೃತ ಪಂಡಿತರು. ಸುಶ್ರುತಸಂಹಿತೆಯನ್ನು ಅಚ್ಚಿಗೆ ಸಿದ್ಧಪಡಿಸಿದವರೂ ಅವರೇ. ಗ್ರಂಥಸಂಪಾದನೆ ಮತ್ತು ಶವಪರೀಕ್ಷೆ ಒಬ್ಬನೇ ಪಂಡಿತನಲ್ಲಿ ಕೂಡಿದ ಅಪೂರ್ವ ಸಂದರ್ಭವಿದು.

ಇನ್ನು ಸಂಖ್ಯೆಯ ವಿಚಾರ. ವೇದವಾದಿಗಳು ಮೂಳೆಗಳು ೩೬೦ ಎನ್ನುತ್ತಾರೆ, ಶಲ್ಯತಂತ್ರದಲ್ಲಿ ೩೦೦ ಮಾತ್ರ ಎಂದು ಸುಶ್ರುತಸಂಹಿತೆಯೇ ಭೇದವನ್ನು ಎತ್ತಿ ಹೇಳುತ್ತದೆ. ಆ ಮುನ್ನೂರರ ವಿಂಗಡಣೆ ಹೀಗಿದೆ: ಕೈಕಾಲುಗಳಲ್ಲಿ ೧೨೦, ಸೊಂಟ, ಪಕ್ಕೆ, ಬೆನ್ನು, ಎದೆಗಳಲ್ಲಿ ೧೧೭, ಕತ್ತಿನಿಂದ ಮೇಲೆ ೬೩. ಒಂದೊಂದು ಕಾಲಿನಲ್ಲಿ ಬೆರಳುಗಳ ೧೫, ಅಂಗಾಲು, ಕೂರ್ಚ ಮತ್ತು ಹರಡುಗಳ ೧೦, ಹಿಮ್ಮಡಿಯ ೧, ಕಣಕಾಲಿನ ೨, ಮಂಡಿಯ ೧, ತೊಡೆಯ ೧, ಹೀಗೆ ೩೦ ಆಗಿ, ಕೈಗಳಿಗೂ ಅದೇ ಲೆಕ್ಕ ಸಲ್ಲುತ್ತದೆ. ತಲೆಯ ಭಾಗದ ೬೩ರಲ್ಲಿ ಹಲ್ಲುಗಳೇ ೩೨. ಮೂಳೆಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದಾಗಿ ವಿಂಗಡಿಸಿರುವುದರಲ್ಲಿ ರುಚಕವೆಂದರೆ ಹಲ್ಲು. ತರುಣವೆಂದರೆ ಮೂಗು, ಕಿವಿ ಮೊದಲಾದೆಡೆಗಳ ಮೆಲುಮೂಳೆ, ಈಗಿನ ಭಾಷೆಯಲ್ಲಿ ಮೃದ್ವಸ್ಥಿ. ಚರಕನು ಹಲ್ಲುಗಳ ಜೊತೆಗೆ ಹಲ್ಲಿನ ಗೂಡುಗಳು ೩೨, ಉಗುರುಗಳು ೨೦ ಇವನ್ನೂ ಮೂಳೆಯೆಂದೇ ಎಣಿಸುತ್ತಾನೆ. ಈಗಿನ ಶಾರೀರಶಾಸ್ತ್ರವು ಹಲ್ಲನ್ನಾಗಲಿ, ಉಗುರನ್ನಾಗಲಿ, ಮೃದ್ವಸ್ಥಿಯನ್ನಾಗಲಿ ಎಣಿಸದು. ಬೆಳೆದವರಲ್ಲಿ ಒಂದಾಗಿ ಬೆಸೆದುಕೊಂಡವನ್ನು ಒಂದೆಂದೇ ಲೆಕ್ಕಿಸುತ್ತದೆ. ಆದುದರಿಂದ ೩೬೦, ೩೦೦, ೨೦೬ ಇವು ಒಂದೇ ಪ್ರಶ್ನೆಗೆ ಬಂದ ಮೂರು ಉತ್ತರಗಳಲ್ಲ. ಮೂಳೆ ಎಂದರೇನು ಎಂಬ ನಿರ್ವಚನವೇ ಮೂರೆಡೆ ಬೇರೆ.

ಈ ಸಂದರ್ಭದಲ್ಲಿ ಜನಪ್ರಿಯ ಲೇಖನಗಳಲ್ಲಿಯೂ ಭಾಷಣಗಳಲ್ಲಿಯೂ ಕೇಳಿಬರುವ ಒಂದು ಸಮರ್ಥನೆಯನ್ನು ಪರಿಶೀಲಿಸಬೇಕು. ಹುಟ್ಟಿದ ಮಗುವಿನಲ್ಲಿ ಮೂಳೆಯ ತುಣುಕುಗಳು ಮುನ್ನೂರರ ಸಮೀಪ ಇರುತ್ತವೆ, ಬೆಳೆದಂತೆ ಕೂಡಿಕೊಂಡು ೨೦೬ ಆಗುತ್ತವೆ. ಪ್ರಾಚೀನರು ಹೇಳಿದ್ದು ಶಿಶುವಿನ ಲೆಕ್ಕ ಎಂಬುದು ಆ ವಾದ. ಕೇಳಲು ಹಿತವಾದರೂ ಇದು ನಿಲ್ಲುವುದಿಲ್ಲ. ಮುನ್ನೂರರ ಪಟ್ಟಿಯಲ್ಲಿ ೩೨ ಹಲ್ಲುಗಳು ಸೇರಿವೆ. ಹುಟ್ಟಿದ ಮಗುವಿನ ಬಾಯಲ್ಲಿ ಹಲ್ಲು ಮೂಡಿರುವುದಿಲ್ಲ. ಪಟ್ಟಿಯನ್ನು ಓದದೆ ಮೊತ್ತವನ್ನು ಮಾತ್ರ ಹಿಡಿದು ಗ್ರಂಥವನ್ನು ಸಮರ್ಥಿಸಹೊರಟರೆ ಗ್ರಂಥಕ್ಕೆ ಉಪಕಾರವಾಗದು.

೧೯೦೭ರಲ್ಲಿ ಪ್ರಕಟವಾದ ಹರ್ನ್ಲೆಯವರ ಪ್ರಾಚೀನ ಭಾರತೀಯ ಅಸ್ಥಿಶಾಸ್ತ್ರದ ಅಧ್ಯಯನವು ಈ ಕ್ಷೇತ್ರದಲ್ಲಿ ಇಂದಿಗೂ ಮಾರ್ಗದರ್ಶಕವಾಗಿದೆ. ಆತ್ರೇಯ, ಸುಶ್ರುತ, ವಾಗ್ಭಟರ ಪಟ್ಟಿಗಳನ್ನು ಹಸ್ತಪ್ರತಿಗಳ ಆಧಾರದಿಂದ ಹೋಲಿಸಿ, ಬಿಡಿ ಅಂಕೆಗಳನ್ನು ಕೂಡಿಸಿದರೆ ಹೇಳಿದ ಮೊತ್ತ ಬರುವುದೋ ಇಲ್ಲವೋ ಎಂದು ಒಂದೊಂದು ಪ್ರತಿಯಲ್ಲಿಯೂ ಪರೀಕ್ಷಿಸಿದುದು ಅವರ ವಿಶೇಷ. ಲಿಪಿಕಾರನ ತಪ್ಪು ಯಾವುದು, ಗ್ರಂಥಕಾರನ ಮತ ಯಾವುದು ಎಂದು ಬೇರ್ಪಡಿಸಲು ಅವರು ಒಂದು ಕಡೆ ಅಸ್ಥಿಪಂಜರವನ್ನೂ ಇನ್ನೊಂದು ಕಡೆ ಪಾಠಾಂತರಗಳನ್ನೂ ಇಟ್ಟುಕೊಂಡರು. ಅವರು ಮಾಡಿದ ಪುನಾರಚನೆಗಳಲ್ಲಿ ಕೆಲವು ಅತಿಸಾಹಸದವು ಎನ್ನಬಹುದಾದರೂ ಕ್ರಮ ಅನುಸರಣೀಯವಾದುದು.

ಎರಡನೆಯ ವಿದ್ಯಾರ್ಥಿ ಕಾಯಚಿಕಿತ್ಸಕನ ಶಿಷ್ಯ. ಅವನಿಗೆ ಕೊಳೆತ ಶವಕ್ಕಿಂತ ಜೀವಂತ ದೇಹದ ವ್ಯಾಪಾರ ಮುಖ್ಯ. ಚರಕಸಂಹಿತೆಯ ಶಾರೀರಸ್ಥಾನದ ಏಳನೆಯ ಅಧ್ಯಾಯವು ದ್ರವಧಾತುಗಳನ್ನು ಅವರವರ ಬೊಗಸೆಯಿಂದಲೇ ಅಳೆಯುತ್ತದೆ: ಉದಕ ೧೦ ಅಂಜಲಿ, ರಸ ೯, ರಕ್ತ ೮, ಮಲ ೭, ಶ್ಲೇಷ್ಮ ೬, ಪಿತ್ತ ೫, ಮೂತ್ರ ೪, ವಸೆ ೩, ಮೇದಸ್ಸು ೨, ಮಜ್ಜೆ ೧, ಮಿದುಳು ಅರ್ಧ. ಹತ್ತರಿಂದ ಒಂದಕ್ಕೆ ಮೆಟ್ಟಿಲಿಳಿಯುವ ಈ ಕ್ರಮ ನೋಡಿದೊಡನೆ ಇದು ನೆನಪಿಗಾಗಿ ಕಟ್ಟಿದ ಪಾಠವೆಂದು ತಿಳಿಯುತ್ತದೆ. ಯಾರೂ ಅಳೆದು ಹೀಗೆ ಕಂಡಿರಲಾರರು. ಆದರೂ ಆಳಿಗೆ ತಕ್ಕ ಬೊಗಸೆ, ಬೊಗಸೆಗೆ ತಕ್ಕ ಧಾತು ಎಂಬ ತತ್ತ್ವದಲ್ಲಿ ವೈದ್ಯನ ವಿವೇಕವಿದೆ. ಕೃಶನಿಗೂ ಸ್ಥೂಲನಿಗೂ ಒಂದೇ ತೂಕವನ್ನು ವಿಧಿಸದೆ, ಪ್ರತಿಯೊಬ್ಬನ ದೇಹಕ್ಕೂ ಅದರದೇ ಅಳತೆಗೋಲನ್ನು ಕೊಟ್ಟಂತಾಯಿತು.

ಮೂರನೆಯ ವಿದ್ಯಾರ್ಥಿಯನ್ನು ವೈದ್ಯಶಾಸ್ತ್ರದ ಇತಿಹಾಸಕಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಭಗವತೀ ಆರಾಧನೆಯು ದೇಹವನ್ನು ನೋಡಬೇಕಾದ ಕ್ರಮವನ್ನು ಬೀಜ, ನಿಷ್ಪತ್ತಿ, ಕ್ಷೇತ್ರ, ಆಹಾರ, ಜನ್ಮ, ವೃದ್ಧಿ, ಅವಯವ, ನಿರ್ಗಮ, ಅಶುಚಿ, ವ್ಯಾಧಿ, ಅಧ್ರುವತ್ವ ಎಂದು ಮೊದಲೇ ಸೂಚಿಸಿ, ಒಂದೊಂದನ್ನೂ ವಿಸ್ತರಿಸುತ್ತದೆ. ವೈರಾಗ್ಯ ಇದರ ಪ್ರಯೋಜನವೆಂಬುದು ವಿದಿತವೇ ಇದೆ. ಆದರೆ ರಚನೆಯ ದೃಷ್ಟಿಯಿಂದ ನೋಡಿದರೆ ಗರ್ಭವಿಕಾಸ, ಪೋಷಣೆ, ಬೆಳವಣಿಗೆ, ಅಂಗರಚನೆ, ಮಲವಿಸರ್ಜನೆ, ರೋಗ ಎಂಬ ಅನುಕ್ರಮವುಳ್ಳ ಸಂಪೂರ್ಣವಾದ ಪಾಠಕ್ರಮ ಇದು. ಗರ್ಭವು ಹತ್ತು ದಿನ ಕಲಲ, ಹತ್ತು ದಿನ ಕಲುಷ, ಹತ್ತು ದಿನ ಸ್ಥಿರವಾಗಿದ್ದು, ಅನಂತರ ತಿಂಗಳು ತಿಂಗಳಿಗೆ ಬುದ್ಬುದ, ಘನ, ಮಾಂಸಪೇಶಿ ಎಂಬ ಅವಸ್ಥೆಗಳನ್ನು ಹೊಂದಿ, ಐದನೆಯ ತಿಂಗಳಲ್ಲಿ ಐದು ಮೊಳಕೆಗಳನ್ನು ಒಡೆಯುವುದೆಂಬ ನಿರೂಪಣೆಯಲ್ಲಿ ವೈದ್ಯಗ್ರಂಥಗಳ ಪರಿಚಯ ಎದ್ದು ಕಾಣುತ್ತದೆ.

ಅವಯವಗಳ ಎಣಿಕೆಯನ್ನು ಸುಶ್ರುತನ ಪಕ್ಕದಲ್ಲಿರಿಸಿ ನೋಡಬಹುದು. ಮೂಳೆ ೩೦೦, ಸ್ನಾಯು ೯೦೦, ಸಿರೆ ೭೦೦, ಮಾಂಸಪೇಶಿ ೫೦೦, ಮರ್ಮ ೧೦೭, ಕಂಡರ ೧೬, ಕೂರ್ಚ ೬, ತ್ವಚೆ ೭, ಆಶಯ ೭ ಇವು ಎರಡರಲ್ಲಿಯೂ ಸಮಾನ. ಮಾಂಸರಜ್ಜು ಸುಶ್ರುತನಲ್ಲಿ ೪, ಆರಾಧನೆಯಲ್ಲಿ ೨. ಜಾಲಗಳು ಸುಶ್ರುತನಲ್ಲಿ ೧೬. ಆರಾಧನೆ ಸಿರಾಜಾಲಗಳನ್ನು ಮಾತ್ರ ಹೇಳಿ ೪ ಎನ್ನುತ್ತದೆ. ಸುಶ್ರುತನು ಮಾಂಸ, ಸಿರೆ, ಸ್ನಾಯು, ಅಸ್ಥಿ ಇವುಗಳ ಜಾಲ ನಾಲ್ಕು ನಾಲ್ಕು ಎಂದು ಹದಿನಾರನ್ನು ಹೇಳಿರುವುದರಿಂದ ಇಲ್ಲಿ ವಿರೋಧವೇ ಇಲ್ಲ. ಶಲ್ಯತಂತ್ರದ ಪರಂಪರೆಯೊಂದಿಗೆ ಆರಾಧನೆಯ ನಂಟು ಇಷ್ಟರಿಂದಲೇ ನಿಶ್ಚಿತವಾಗುತ್ತದೆ. ಚರಕನ ೩೬೦ನ್ನು ಬಿಟ್ಟು ೩೦೦ನ್ನು ಹಿಡಿದಿರುವುದು ಅದಕ್ಕೆ ಇನ್ನೊಂದು ಸಾಕ್ಷ್ಯ.

ಆದರೆ ದ್ರವಗಳ ಅಳತೆಗೆ ಬಂದಾಗ ಆರಾಧನೆ ಚರಕನ ಬೊಗಸೆಯನ್ನೇ ಹಿಡಿಯುತ್ತದೆ; ಅಲ್ಲಿಯೂ ಸ್ವಪ್ರಮಾಣದ ಅಂಜಲಿಯೇ ಮಾನ. ವಸೆ ೩ ಅಂಜಲಿ, ಶ್ಲೇಷ್ಮ ೬ ಅಂಜಲಿ ಎಂಬಲ್ಲಿ ಇಬ್ಬರಿಗೂ ಐಕಮತ್ಯವಿದೆ. ಪಿತ್ತ ೬ ಅಂಜಲಿ, ಮಿದುಳು ೧ ಅಂಜಲಿ, ಮೇದಸ್ಸು ೧ ಅಂಜಲಿ ಎಂಬಲ್ಲಿ ಭೇದವಿದೆ. ರಕ್ತವನ್ನು ಮಾತ್ರ ಆರಾಧನೆ ಅರ್ಧ ಆಢಕ ಎನ್ನುತ್ತದೆ. ಮೇಲುನೋಟಕ್ಕೆ ಇದು ಬೇರೆ ಮತದಂತೆ ತೋರಿದರೂ ಮಾನಪರಿಭಾಷೆಯಲ್ಲಿ ನಾಲ್ಕು ಅಂಜಲಿಗೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ. ಅರ್ಧ ಆಢಕವೆಂದರೆ ಎಂಟು ಅಂಜಲಿ. ಚರಕನು ಹೇಳಿದುದೂ ಎಂಟೇ. ಮಾತು ಬೇರೆಯಾದರೂ ಮೊತ್ತ ಒಂದೇ. ಪರಿಭಾಷೆಯನ್ನು ಅರಿಯದ ಸಂಪಾದಕನು ಇಲ್ಲಿ ಇಲ್ಲದ ಪಾಠಭೇದವನ್ನು ಕಲ್ಪಿಸಿ ಟಿಪ್ಪಣಿ ಬರೆಯುವ ಅಪಾಯವಿದೆ. ಮೂತ್ರ ಒಂದು ಆಢಕ, ಮಲ ಆರು ಪ್ರಸ್ಥ ಎಂಬಲ್ಲಿ ಮಾತ್ರ ಚರಕನಿಗಿಂತ ಬಹಳ ಹೆಚ್ಚಿನ ಪ್ರಮಾಣ ಉಕ್ತವಾಗಿದೆ. ಅಶುಚಿತ್ವವನ್ನು ಮನಗಾಣಿಸುವ ಪ್ರಕರಣದಲ್ಲಿ ಈ ಎರಡೇ ಹೆಚ್ಚಿರುವುದು ಆಕಸ್ಮಿಕವಾಗಿರಲಾರದು.

ಕೀಲುಗಳ ಸಂಖ್ಯೆ ಹೆಚ್ಚು ವಿಚಾರಾರ್ಹ. ಸುಶ್ರುತನಲ್ಲಿ ೨೧೦, ಶ್ವೇತಾಂಬರ ಪ್ರಕೀರ್ಣಕವಾದ ತಂದುಲವೇಯಾಲಿಯದಲ್ಲಿ ೧೬೦, ಬೌದ್ಧರ ವಿಸುದ್ಧಿಮಗ್ಗದಲ್ಲಿ ೧೮೦, ಆರಾಧನೆಯಲ್ಲಿ ೩೦೦. ಮೂಳೆ ೩೦೦ ಮತ್ತು ಸ್ನಾಯು ೯೦೦ ಎಂಬಲ್ಲಿ ಇವರೆಲ್ಲರೂ ಒಂದಾಗಿರುವಾಗ ಕೀಲಿನಲ್ಲಿ ಮಾತ್ರ ಹೀಗೇಕೆ? ಆರಾಧನೆಯ ಅಂಕೆ ಲಿಪಿಕಾರನ ಪ್ರಮಾದವೆಂದು ತಿದ್ದಲು ಮುಂದಾಗುವವರು ಗಾಥೆಯ ರಚನೆಯನ್ನು ನೋಡಬೇಕು. ಅಲ್ಲಿ ಕೀಲುಗಳಿಗೆ ಸ್ವತಂತ್ರವಾದ ಸಂಖ್ಯೆಯನ್ನು ಹೇಳಿಲ್ಲ. ಮೂಳೆಗಳು ಎಷ್ಟೋ ಕೀಲುಗಳೂ ಅಷ್ಟೇ ಎಂಬ ಅರ್ಥದ ಪದವಿದೆ. ಅಂಕೆ ಜಾರಿಹೋಗಿ ಬೇರೊಂದು ಅಂಕೆ ಬಂದಿರಲು ಅಲ್ಲಿ ಅವಕಾಶವೇ ಇಲ್ಲ. ಮೂಳೆಗೊಂದು ಕೀಲು ಎಂಬ ಸರಳವಾದ ಗ್ರಹಿಕೆ ಗ್ರಂಥಕಾರರದೇ, ಅಥವಾ ಅವರಿಗೆ ಪ್ರಾಪ್ತವಾದ ಪರಂಪರೆಯದು. ಸುಶ್ರುತನ ೨೧೦ನ್ನು ತಂದು ಇಲ್ಲಿ ಸೇರಿಸುವುದು ಪರಿಷ್ಕರಣವಾಗುವುದಿಲ್ಲ. ಕಣ್ಣಿನಿಂದ ಕಲಿತವನ ಲೆಕ್ಕಕ್ಕೂ ಕಂಠಪಾಠದಿಂದ ಕಲಿತವನ ಲೆಕ್ಕಕ್ಕೂ ಇರುವ ಅಂತರವೇ ಇಲ್ಲಿ ದಾಖಲಾಗಿದೆ. ತಿದ್ದಿದರೆ ಅದು ಅಳಿಸಿಹೋಗುತ್ತದೆ.

ಆರಾಧನೆಯ ಮೇಲೆ ಮೂಲಾರಾಧನಾದರ್ಪಣವೆಂಬ ಟೀಕೆಯನ್ನು ರಚಿಸಿದ ಪಂಡಿತ ಆಶಾಧರರು ವಾಗ್ಭಟನ ಅಷ್ಟಾಂಗಹೃದಯಕ್ಕೂ ಟೀಕೆ ಬರೆದಿದ್ದರೆಂದು ಅವರದೇ ಪ್ರಶಸ್ತಿಯಿಂದ ತಿಳಿಯುತ್ತದೆ. ಹದಿಮೂರನೆಯ ಶತಮಾನದ ಈ ಗೃಹಸ್ಥ ಪಂಡಿತರ ವೈದ್ಯಟೀಕೆ ಇಂದು ಉಪಲಬ್ಧವಿಲ್ಲ. ಅಷ್ಟಾಂಗಹೃದಯವು ಹಲ್ಲು, ಉಗುರು ಸೇರಿ ಮೂಳೆಗಳು ೩೬೦ ಎಂದು ಹೇಳಿ, ಧನ್ವಂತರಿಯ ಮತದಲ್ಲಿ ೩೦೦ ಎಂದೂ ಕೂಡಲೇ ತಿಳಿಸುತ್ತದೆ. ಎಂದರೆ ಆಶಾಧರರಿಗೆ ಎರಡು ಸಂಖ್ಯೆಗಳೂ ಅವುಗಳ ಕಾರಣವೂ ತಿಳಿದಿದ್ದವು. ಜೈನ ಪಂಡಿತರು ದೇಹವರ್ಣನೆಯನ್ನು ವೈದ್ಯಶಾಸ್ತ್ರದ ಅರಿವಿಲ್ಲದೆ ಪುನರುಚ್ಚರಿಸುತ್ತಿದ್ದರು ಎಂಬ ಅಭಿಪ್ರಾಯಕ್ಕೆ ಇದೊಂದೇ ಸಾಕಷ್ಟು ಉತ್ತರ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವನ್ನು ೧೯೪೦ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಪ್ರಕಟಿಸಿದ ಮೇಲೆ, ಪ್ರಾಣಾವಾಯ ಪೂರ್ವವನ್ನು ಮೂಲವಾಗಿ ಹೇಳಿಕೊಳ್ಳುವ ವೈದ್ಯಪರಂಪರೆಯ ವಿಸ್ತಾರವೂ ವಿದ್ವಾಂಸರಿಗೆ ಗೋಚರವಾಗಿದೆ.

ತಂದುಲವೇಯಾಲಿಯವು ಲೆಕ್ಕವನ್ನು ಒಪ್ಪಿಸುವುದರಲ್ಲಿ ಇನ್ನೂ ಕಟ್ಟುನಿಟ್ಟಾದುದು. ಹೊಕ್ಕುಳಿನಿಂದ ಮೇಲಕ್ಕೆ ತಲೆಯವರೆಗೆ ೧೬೦ ಸಿರೆಗಳು, ಕೆಳಕ್ಕೆ ಪಾದದವರೆಗೆ ೧೬೦, ಅಡ್ಡಲಾಗಿ ಕೈಗಳಿಗೆ ೧೬೦, ಗುದದೆಡೆಗೆ ೧೬೦, ಶ್ಲೇಷ್ಮವನ್ನು ಧರಿಸುವವು ೨೫, ಪಿತ್ತವನ್ನು ಧರಿಸುವವು ೨೫, ಶುಕ್ರವನ್ನು ಧರಿಸುವವು ೧೦; ಒಟ್ಟು ೭೦೦. ಗ್ರಂಥಕ್ಕೆ ಹೆಸರು ಬಂದಿರುವುದು ಅಕ್ಕಿಯ ಲೆಕ್ಕದಿಂದ. ಪ್ರಸ್ಥವೊಂದಕ್ಕೆ ೬೪,೦೦೦ ಕಾಳಿನಂತೆ ದಿನಕ್ಕೆ ಎರಡು ಪ್ರಸ್ಥ ಉಣ್ಣುವವನು ನೂರು ವರ್ಷಗಳಲ್ಲಿ ೪೬೦ ಕೋಟಿ ೮೦ ಲಕ್ಷ ಕಾಳುಗಳನ್ನು ಉಣ್ಣುತ್ತಾನೆ. ವರ್ಷಕ್ಕೆ ೩೬೦ ದಿನಗಳನ್ನಿಟ್ಟು ಗುಣಿಸಿದರೆ ಮೊತ್ತ ಸರಿಯಾಗಿ ಬರುತ್ತದೆ. ಇಂಥಲ್ಲಿ ಸಂಪಾದಕನಿಗೆ ಗಣಿತವೇ ಕಾವಲುಗಾರ. ಬಿಡಿ ಅಂಕೆಯೊಂದು ಕೆಟ್ಟಿದ್ದರೆ ಮೊತ್ತ ಅದನ್ನು ಹಿಡಿದುಕೊಡುತ್ತದೆ. ಆರಾಧನೆಯಂತೆ ಮೊತ್ತವನ್ನು ಮಾತ್ರ ಹೇಳುವ ಗ್ರಂಥದಲ್ಲಿ ಆ ನೆರವು ಇಲ್ಲ. ಅಲ್ಲಿ ಛಂದಸ್ಸನ್ನೂ ಸಮಾನಾಂತರ ಗ್ರಂಥಗಳನ್ನೂ ಅವಲಂಬಿಸಬೇಕು.

ಜೈನ ಸಾಧಕನು ಶವಶೋಧನದ ಮಾರ್ಗವನ್ನು ಹಿಡಿಯುವುದು ಶಕ್ಯವಿತ್ತೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮೃತದೇಹದ ಪರೀಕ್ಷೆಯಿಂದ ಆ ಮನುಷ್ಯನಿಗೆ ಹಿಂಸೆಯಾಗದು ಎನ್ನಬಹುದು. ಆದರೆ ಪ್ರಜ್ಞಾಪನಾ ಸೂತ್ರವು ಸಂಮೂರ್ಛಿಮ ಮನುಷ್ಯರು ಹುಟ್ಟುವ ಹದಿನಾಲ್ಕು ಸ್ಥಾನಗಳಲ್ಲಿ ಜೀವರಹಿತ ಕಳೇಬರವನ್ನೂ ಎಣಿಸಿದೆ. ಆ ದೃಷ್ಟಿಯುಳ್ಳವನಿಗೆ ಶವವನ್ನು ನೀರಿನಲ್ಲಿ ಕೊಳೆಯಿಸಿ ಕುಂಚದಿಂದ ಉಜ್ಜುವ ಕ್ರಿಯೆ ಅಸಂಖ್ಯಾತ ಜೀವಿಗಳ ಘಾತವೇ ಸರಿ. ಕಂಠಪಾಠದ ಮಾರ್ಗ ಸಾಧಕನ ಅಲಸಿಕೆಯಿಂದ ಬಂದುದಲ್ಲ, ಚಾರಿತ್ರದ ಅನಿವಾರ್ಯತೆಯಿಂದ ಬಂದುದು ಎಂದು ಊಹಿಸಲು ಇದು ಆಧಾರವಾಗುತ್ತದೆ. ಬೌದ್ಧರಲ್ಲಿಯೂ ದೇಹದ ಮೂವತ್ತೆರಡು ಭಾಗಗಳನ್ನು ಐದೈದರ ಅಥವಾ ಆರಾರರ ಗುಂಪಾಗಿ ಮುಂದಕ್ಕೂ ಹಿಂದಕ್ಕೂ ಬಾಯಿಪಾಠ ಮಾಡುವ ಅಭ್ಯಾಸಕ್ರಮ ವಿಸುದ್ಧಿಮಗ್ಗದಲ್ಲಿ ಹೇಳಲ್ಪಟ್ಟಿದೆ. ಶ್ಮಶಾನದರ್ಶನ ಅಲ್ಲಿ ಪ್ರತ್ಯೇಕವಾದ ಸಾಧನೆ.

ಶವವನ್ನು ಮುಟ್ಟದೆ ಪ್ರತ್ಯಕ್ಷವಾಗಿ ಪರೀಕ್ಷಿಸಬಹುದಾದ ದೇಹವ್ಯಾಪಾರವೊಂದಿದೆ, ಉಸಿರು. ಕಾಲಗಣನೆಯ ಪ್ರಕರಣದಲ್ಲಿ ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ೭೭ ಲವಗಳಿಗೆ ಒಂದು ಮುಹೂರ್ತ. ಹೀಗೆ ಮುಹೂರ್ತಕ್ಕೆ ೩೭೭೩ ಉಚ್ಛ್ವಾಸಗಳು ಎಂಬುದು ಎರಡು ಸಂಪ್ರದಾಯಗಳಿಗೂ ಸಮ್ಮತ. ಮುಹೂರ್ತಕ್ಕೆ ೪೮ ನಿಮಿಷವಾದುದರಿಂದ ನಿಮಿಷಕ್ಕೆ ೭೮ಕ್ಕಿಂತ ತುಸು ಹೆಚ್ಚಾಯಿತು. ವಿಶ್ರಾಂತಿಯಲ್ಲಿರುವ ಪ್ರೌಢವಯಸ್ಕನು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತಾನೆ. ಎಪ್ಪತ್ತೆಂಟು ಎಂಬುದು ನಾಡಿಯ ಬಡಿತಕ್ಕೆ ಸಲ್ಲುವ ಸಂಖ್ಯೆ.

ಧವಲಾಟೀಕೆಯ ದ್ರವ್ಯಪ್ರಮಾಣಾನುಗಮದಲ್ಲಿ ವೀರಸೇನಾಚಾರ್ಯರು ಇದೇ ಸ್ಥಳದಲ್ಲಿ ಒಂದು ಮತಾಂತರವನ್ನು ಉಲ್ಲೇಖಿಸುತ್ತಾರೆ. ಕೆಲವು ಆಚಾರ್ಯರು ಮುಹೂರ್ತಕ್ಕೆ ೭೨೦ ಪ್ರಾಣಗಳೆಂದು ಹೇಳುತ್ತಾರೆ. ರೋಗರಹಿತನಾದ ಸ್ವಸ್ಥ ಮನುಷ್ಯನ ಉಚ್ಛ್ವಾಸಗಳನ್ನು ನೋಡಿದರೆ ಅದು ಘಟಿಸುವುದಿಲ್ಲ, ಪ್ರಮಾಣಭೂತವಾದ ಅನ್ಯ ಸೂತ್ರಕ್ಕೂ ವಿರುದ್ಧವಾಗುತ್ತದೆ ಎಂದು ಅವರು ನಿರಾಕರಿಸುತ್ತಾರೆ. ಈಗ ಲೆಕ್ಕ ಹಾಕಿದರೆ ೭೨೦ ಎಂಬುದು ನಿಮಿಷಕ್ಕೆ ಸರಿಯಾಗಿ ೧೫. ಅಹೋರಾತ್ರಕ್ಕೆ ಮೂವತ್ತು ಮುಹೂರ್ತ ಇರುವುದರಿಂದ ಅದು ೨೧,೬೦೦ ಆಗುತ್ತದೆ. ಯೋಗಗ್ರಂಥಗಳಲ್ಲಿ ದಿನವೊಂದರ ಶ್ವಾಸಸಂಖ್ಯೆಯಾಗಿ ಪ್ರಸಿದ್ಧವಾಗಿರುವುದು ಇದೇ. ನಿರಾಕೃತವಾದ ಮತವೇ ಉಸಿರಿನ ಎಣಿಕೆಗೆ ಹೊಂದುತ್ತದೆ. ಸ್ವೀಕೃತವಾದ ಮತ ನಾಡಿಗೆ ಹೊಂದುತ್ತದೆ.

ಇದನ್ನು ಹೇಗೆ ಗ್ರಹಿಸಬೇಕು? ಪ್ರಾಣಶಬ್ದಕ್ಕೆ ಇಲ್ಲಿ ನಾಡೀಸ್ಪಂದನವೆಂದೇ ಅರ್ಥಮಾಡಿದರೆ ವಿರೋಧ ತಪ್ಪುವುದಲ್ಲ ಎಂದು ತೋರಬಹುದು. ಆದರೆ ಗ್ರಂಥವು ಉಚ್ಛ್ವಾಸ ನಿಃಶ್ವಾಸಗಳನ್ನೇ ಹೆಸರಿಸುವುದರಿಂದ ಆ ಅರ್ಥ ಅಕ್ಷರಕ್ಕೆ ಒಗ್ಗದು. ಎರಡು ಪ್ರಾಚೀನ ಎಣಿಕೆಗಳು, ಒಂದು ಉಸಿರಿನದು, ಒಂದು ಬಡಿತದ್ದು, ಒಂದೇ ಹೆಸರಿನಡಿಯಲ್ಲಿ ಪರಂಪರೆಗೆ ಬಂದಿರುವುದು ಅಸಂಭವವಲ್ಲವೆಂದು ಮಾತ್ರ ಹೇಳಬಹುದು. ಇದಕ್ಕಿಂತ ಗಮನಾರ್ಹವಾದುದು ವೀರಸೇನರ ಕ್ರಮ. ಆಗಮವನ್ನು ಅವಲಂಬಿಸಿದ ಟೀಕಾಕಾರರು ಸ್ವಸ್ಥ ಮನುಷ್ಯನ ಉಸಿರನ್ನೂ ಪ್ರಮಾಣವಾಗಿ ಕರೆಯುತ್ತಾರೆ. ತಾವು ಒಪ್ಪದ ಸಂಖ್ಯೆಯನ್ನು ಮುಚ್ಚಿಡದೆ ದಾಖಲಿಸುತ್ತಾರೆ. ಅವರು ಹಾಗೆ ಮಾಡಿರದಿದ್ದರೆ ಜೈನ ಆಚಾರ್ಯರಲ್ಲಿ ೭೨೦ರ ಪಕ್ಷವೂ ಇತ್ತೆಂಬುದಕ್ಕೆ ಈ ಸಾಕ್ಷ್ಯ ನಮಗೆ ಉಳಿಯುತ್ತಿರಲಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಹಳಗನ್ನಡ ಲಿಪಿಯ ಓಲೆಗಳು ಈ ವಾಕ್ಯವನ್ನು ಕಾಪಾಡಿಕೊಂಡು ಬಂದವು. ೧೯೩೯ರಿಂದ ಸಂಪುಟಗಳು ಅಚ್ಚಾಗತೊಡಗಿದ ಮೇಲೆ ಅದು ಎಲ್ಲರಿಗೂ ದೊರೆಯಿತು. ನಡುವಿನ ಯಾವ ಲಿಪಿಕಾರನೂ ತಪ್ಪೆಂದು ತೀರ್ಮಾನಿಸಿ ಪರಮತವನ್ನು ಕೈಬಿಡಲಿಲ್ಲವೆಂಬುದು ಸ್ಮರಣೀಯ.

ಲಿಪಿಕಾರರಿಂದ ದೇಹಸಂಖ್ಯೆಗಳಿಗೆ ಒದಗುವ ವಿಪತ್ತುಗಳೂ ಇಲ್ಲದಿಲ್ಲ. ಗಾಥೆಯಲ್ಲಿ ಸಂಖ್ಯೆ ಪದರೂಪದಲ್ಲಿರುವುದರಿಂದ ಮಾತ್ರೆಗಳು ಅದನ್ನು ಬಿಗಿಹಿಡಿದಿರುತ್ತವೆ. ಟೀಕೆಯಲ್ಲಿ, ಅಂಚಿನ ಟಿಪ್ಪಣಿಯಲ್ಲಿ ಅಂಕೆಯಾಗಿ ಬರೆದಾಗ ಆ ರಕ್ಷಣೆ ಇಲ್ಲ. ಕನ್ನಡದ ೬ ಮತ್ತು ೯ರ ನಡುವೆ ಓಲೆಯ ಮೇಲೆ ಉಳಿಯುವ ಅಂತರ ಎಷ್ಟೆಂಬುದನ್ನು ಕಂಠಪತ್ರ ಹಿಡಿದವರೆಲ್ಲ ಬಲ್ಲರು; ಸ್ನಾಯುಗಳು ೯೦೦ ಇದ್ದುದು ೬೦೦ ಆಗಲು ಒಂದು ಗೀಟಿನ ಓರೆ ಸಾಕು. ಅಂಗಗಳ ಹೆಸರುಗಳಲ್ಲಿಯೂ ಇದೇ ಅಪಾಯ. ಪ್ರಾಕೃತದಲ್ಲಿ ತಾಲವ್ಯ ಶಕಾರ ದಂತ್ಯವಾಗುವುದರಿಂದ ತಲೆಯೆಂಬರ್ಥದ ಸಿರಕ್ಕೂ ಸಿರೆಯೆಂಬರ್ಥದ ಸಿರಾ ಶಬ್ದಕ್ಕೂ ಒಂದು ದೀರ್ಘವಷ್ಟೇ ಭೇದ. ಸಮಾಸದಲ್ಲಿ ಅದೂ ಸಂದೇಹಾಸ್ಪದ. ಸ್ನಾಯುವಿನ ಪ್ರಾಕೃತರೂಪವಾದ ಣ್ಹಾರು ಶಬ್ದ ಅಪರಿಚಿತವಾದ್ದರಿಂದ ವಿಕಾರಗೊಳ್ಳುವುದು ಸುಲಭ. ಮಸ್ತುಲುಂಗದಿಂದ ಬಂದ ಮತ್ಥುಲಿಂಗವೆಂಬುದು ಮಿದುಳಿನ ಹೆಸರು; ನಾಗರೀ ಪ್ರತಿಗಳಲ್ಲಿ ತ್ಥ ಮತ್ತು ಚ್ಛ ಅಕ್ಷರಗಳು ಒಂದನ್ನೊಂದು ಹೋಲುವುದರಿಂದ ಅದು ಮಚ್ಛುಲಿಂಗವಾಗಿ ಓದಲ್ಪಡಬಹುದು. ಮಚ್ಛವೆಂದರೆ ಮೀನು ಎಂದು ಅರ್ಥ ಹುಡುಕಲು ಹೊರಟವನಿಗೆ ಶಾರೀರದ ಪಟ್ಟಿಯ ಪರಿಚಯವಿದ್ದರೆ, ಮೇದಸ್ಸು, ವಸೆ, ಪಿತ್ತಗಳ ಸಾಲಿನಲ್ಲಿ ಒಂದಂಜಲಿ ಪ್ರಮಾಣದ್ದೆಂದು ಹೇಳಿದ ವಸ್ತು ಯಾವುದೆಂಬುದು ಕೂಡಲೇ ಹೊಳೆಯುತ್ತದೆ. ಮುದ್ರಿತ ಪ್ರತಿಯಲ್ಲಿ ಗಾಥೆಯ ಸಂಖ್ಯೆಯನ್ನು ಗಾಥೆಯಲ್ಲಿದ್ದಂತೆಯೇ ಉಳಿಸಿ, ಚರಕ, ಸುಶ್ರುತ, ತಂದುಲವೇಯಾಲಿಯಗಳ ಸಂಖ್ಯೆಗಳನ್ನು ಅಡಿಯಲ್ಲಿ ಕೊಟ್ಟು, ಈಗಿನ ಶಾರೀರಶಾಸ್ತ್ರದ ಸಂಖ್ಯೆಯನ್ನು ಪೀಠಿಕೆಗೆ ಮೀಸಲಿಡುವುದು ಯುಕ್ತವಾಗಿ ತೋರುತ್ತದೆ.